ಆರನೇ ಕ್ಲಾಸಿಗೆ ಗಣಿತದ ಮೇಷ್ಟ್ರು ಇದ್ದಾರಾ?

ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಚೆನ್ನಾಗಿದೆಯಾ ಎಂದು ನೋಡಲು ಹೋದವರು ಗೋಡೆಯ ಬಣ್ಣ, ಸ್ಮಾರ್ಟ್ ಕ್ಲಾಸಿನ ಟಿ.ವಿ. ನೋಡಿ ಬರುತ್ತಾರೆ. ಕೇಳಬೇಕಾದ್ದು ಬೇರೆ. ಆರನೇ ಕ್ಲಾಸಿಗೆ ಗಣಿತ ಪಾಠ ಯಾರು ಮಾಡುತ್ತಾರೆ? ಅವರು ಈ ಶಾಲೆಗೆ ಬಂದು ಎಷ್ಟು ವರ್ಷವಾಯಿತು?

ಕೆಳಗಿನ ತರಗತಿಗಳಿಗೆ ಶಾಲೆ ಸಣ್ಣದಿದ್ದರೆ ತೊಂದರೆ ಇಲ್ಲ, ಅನುಕೂಲವೇ ಜಾಸ್ತಿ. ಅದನ್ನು ತೋರಿಸಿಕೊಟ್ಟಿದ್ದು ನಲಿ-ಕಲಿ ಎಂಬ ಕಲಿಕಾ ಪದ್ಧತಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ಇದು ಶುರುವಾಯಿತು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಿಕ್ಷಣ ಸಂಸ್ಥೆಗೆ ಹೋಗಿ, ಅವರ ಹಳ್ಳಿ ಶಾಲೆಗಳಲ್ಲಿ ಮಕ್ಕಳು ಹಂತ ಹಂತವಾಗಿ ಕಲಿಯಲು ಬಳಸುವ ಕಾರ್ಡು ನೋಡಿ ಬಂದರು. ಆಮೇಲೆ ತಮ್ಮದೇ ಕಾರ್ಡು ಮಾಡಿಕೊಂಡರು. ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು, ಅವರವರ ವೇಗದಲ್ಲಿ ಕಲಿಯುತ್ತಾರೆ. ಇಪ್ಪತ್ತು ಮಕ್ಕಳಿಗೆ ಒಬ್ಬ ಒಳ್ಳೆಯ ಟೀಚರ್ ಸಾಕು. 2009-10ರ ಹೊತ್ತಿಗೆ ಇದು ರಾಜ್ಯದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೇ ತರಗತಿಗೆ ಬಂತು.

ಆರನೇ ಕ್ಲಾಸಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಹಿಂದಿ ಹೊಸದಾಗಿ ಸೇರುತ್ತದೆ. ಗಣಿತದಲ್ಲಿ ಬೀಜಗಣಿತ ತಲೆ ಹಾಕುತ್ತದೆ. ಇಂಗ್ಲಿಷ್ ಪಾಠಗಳು ಉದ್ದವಾಗುತ್ತವೆ. ಎಲ್ಲವನ್ನೂ ಒಬ್ಬರೇ ಚೆನ್ನಾಗಿ ಕಲಿಸುವುದು ಆಗದ ಮಾತು.

ಸರ್ಕಾರಗಳಿಗೆ ಇದು ತಡವಾಗಿ ಹೊಳೆಯಿತು. ಕೇಂದ್ರದ 1987ರ ಆಪರೇಷನ್ ಬ್ಲ್ಯಾಕ್‌ಬೋರ್ಡ್ ಯೋಜನೆ ನೋಡಿದ್ದು ಕಿರಿಯ ಶಾಲೆಗಳನ್ನು: ಕನಿಷ್ಠ ಎರಡು ಕೋಣೆ, ಇಬ್ಬರು ಶಿಕ್ಷಕರು. ಕರ್ನಾಟಕದಲ್ಲಿ 2001ರಲ್ಲಿ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂತು. ಶಾಲೆಯ ವಿಷಯದಲ್ಲಿ ಅಪ್ಪ-ಅಮ್ಮಂದಿರಿಗೆ ಮಾತಾಡುವ ಹಕ್ಕು ಸಿಕ್ಕಿತು. (ಅದು ಸಹಿ ಹಾಕುವ ಸಮಿತಿಯಾಗಿ ಉಳಿದ ಊರುಗಳೂ ಕಡಿಮೆಯೇನಿಲ್ಲ.) 2002ರಲ್ಲಿ ರಾಜ್ಯದ ಈಶಾನ್ಯ ಭಾಗದ 7 ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ, 2013ರಲ್ಲಿ ಕ್ಷೀರಭಾಗ್ಯದ ಹಾಲು. ಮಕ್ಕಳು ಬಂದರು, ಉಳಿದರು.

ವಿಷಯವಾರು ಶಿಕ್ಷಕರ ಮಾತನ್ನು ಗಟ್ಟಿಯಾಗಿ ಹೇಳಿದ್ದು 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ. 6ರಿಂದ 8ನೇ ತರಗತಿಗೆ ತರಗತಿಗೊಬ್ಬರಾದರೂ ಇರಬೇಕು. ಗಣಿತ-ವಿಜ್ಞಾನಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು, ಭಾಷೆಗೊಬ್ಬರು ಬೇಕೇ ಬೇಕು. ಆದರೆ ರಾಜ್ಯದಲ್ಲಿ ಈ ಹಂತಕ್ಕೆಂದೇ 15,000 ಪದವೀಧರ ಶಿಕ್ಷಕರ ನೇಮಕಾತಿಗೆ ಅರ್ಜಿ ಕರೆದಿದ್ದು 2022ರಲ್ಲಿ. ಅಷ್ಟರಲ್ಲಿ 2017ರ ಹೊಸ ವೃಂದ ಮತ್ತು ನೇಮಕಾತಿ ನಿಯಮ (ಯಾವ ಶಿಕ್ಷಕರು ಯಾವ ತರಗತಿಗೆ ಎಂದು ಹೇಳುವ ನಿಯಮ) ಹಳೆಯ ಪ್ರಾಥಮಿಕ ಶಿಕ್ಷಕರನ್ನು ಒಂದರಿಂದ ಐದನೇ ತರಗತಿಗೆ ಸೀಮಿತ ಮಾಡಿತ್ತು. ಡಿಗ್ರಿ ಇದ್ದು, ವರ್ಷಗಟ್ಟಲೆ ಏಳನೇ ಕ್ಲಾಸಿಗೆ ಪಾಠ ಮಾಡಿದವರಿಗೆ ಸಿಟ್ಟು ಬರದೇ ಇರುತ್ತದಾ?

ಸಣ್ಣ ಶಾಲೆಗೆ ದೊಡ್ಡ ಏಟು ಬೀಳುವುದು 'ಹೆಚ್ಚುವರಿ' ಪಟ್ಟಿಯಿಂದ. ಮಕ್ಕಳ ತಲೆ ಎಣಿಸಿ ಹುದ್ದೆ ಉಳಿಸುತ್ತಾರೆ. ದಾಖಲಾತಿ ಇಳಿದರೆ ಒಬ್ಬರು ಹೆಚ್ಚುವರಿಯಾಗಿ ಬೇರೆ ಊರಿಗೆ ಹೋಗುತ್ತಾರೆ. ಹೋದವರು ಗಣಿತದವರೇ ಆಗಿದ್ದರೆ ಆ ಜಾಗಕ್ಕೆ ಅತಿಥಿ ಶಿಕ್ಷಕರು, ಅದೂ ಸಿಕ್ಕರೆ. ಇದನ್ನು ನೋಡಿದ ನಾಲ್ಕು ಮನೆಯವರು ಟಿ.ಸಿ. ತೆಗೆದುಕೊಂಡು ಪೇಟೆಯ ಖಾಸಗಿ ಶಾಲೆಗೆ ಸೇರಿಸುತ್ತಾರೆ. ಮರುವರ್ಷ ಎಣಿಕೆ ಇನ್ನೂ ಇಳಿಯುತ್ತದೆ. ಚೆನ್ನಾಗಿ ನಡೆಯುವ ಸಣ್ಣ ಶಾಲೆಗಳ ಗುಟ್ಟು ಕೇಳಿದರೆ ಹೆಚ್ಚಾಗಿ ಸಿಗುವ ಉತ್ತರ ಇದೇ: ಎಲ್ಲೋ ಒಂದು ಕಡೆ ಈ ಸುತ್ತು ತುಂಡಾಗಿದೆ. ಬಿಟ್ಟು ಹೋಗದ ಹೆಡ್ ಮೇಷ್ಟ್ರು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಬಿಡದೆ ಅಲೆಯುವ ಎಸ್‌ಡಿಎಂಸಿ ಅಧ್ಯಕ್ಷೆ, ಅಥವಾ ಹಳೇ ವಿದ್ಯಾರ್ಥಿಗಳು.

ಬಂಟ್ವಾಳ ತಾಲ್ಲೂಕಿನ ದಡ್ಡಲಕಾಡು ಶಾಲೆ ಇದಕ್ಕೆ ಹೆಸರಾಯಿತು. ಮುಚ್ಚುವ ಹಂತದಲ್ಲಿದ್ದ ಶಾಲೆಯನ್ನು ಊರಿನ ಯುವಕರ ಸಂಘ ದತ್ತು ತೆಗೆದುಕೊಂಡಿತು. ಕಟ್ಟಡ ಬಂತು, ವಾಹನ ಬಂತು, ಇಂಗ್ಲಿಷ್ ಬಂತು. ಮಕ್ಕಳ ಸಂಖ್ಯೆ ನೂರಾರು ಆಯಿತು. ಅಂದರೆ ಗೆದ್ದ ಸಣ್ಣ ಶಾಲೆ ಸಣ್ಣದಾಗಿ ಉಳಿಯಲಿಲ್ಲ! ಎಲ್ಲ ಊರಿಗೂ ಅಂಥ ಸಂಘ ಎಲ್ಲಿಂದ ತರುವುದು?

ಇದಕ್ಕೆ ಸರ್ಕಾರ ಕೊಡುವ ಉತ್ತರ 'ಕರ್ನಾಟಕ ಪಬ್ಲಿಕ್ ಸ್ಕೂಲ್': ಪ್ರಾಥಮಿಕದಿಂದ ಪಿಯುಸಿವರೆಗೆ ಒಂದೇ ಕಡೆ ಕಲಿಸುವ ದೊಡ್ಡ ಸರ್ಕಾರಿ ಶಾಲೆ. 2018-19ರಲ್ಲಿ 176 ಶಾಲೆಗಳಿಂದ ಶುರುವಾಗಿ ಈಗ ಹೋಬಳಿ, ಪಂಚಾಯಿತಿಗಳ ಕಡೆ ಬರುತ್ತಿದೆ. ಸುತ್ತಲಿನ ಶಾಲೆಗಳು ವಿಲೀನವಾಗುತ್ತವೆ ಎಂಬ ಭಯದಿಂದ ವಿರೋಧವೂ ಇದೆ. ನನ್ನ ಲೆಕ್ಕದಲ್ಲಿ ಎರಡು ಹಂತವನ್ನು ಬೇರೆ ಬೇರೆಯಾಗಿ ನೋಡಬೇಕು. ಐದನೇ ತರಗತಿವರೆಗಿನ ಶಾಲೆ ಎಷ್ಟೇ ಸಣ್ಣದಿರಲಿ, ಊರಲ್ಲೇ ಇರಲಿ. ಕಾನೂನು ಕೂಡ ಅದಕ್ಕೆ 1 ಕಿ.ಮೀ., 6ರಿಂದ 8ಕ್ಕೆ 3 ಕಿ.ಮೀ. ದೂರ ಹೇಳುತ್ತದೆ. ಆರನೇ ಕ್ಲಾಸಿನಿಂದ ಮೂರು ಊರಿನ ಮಕ್ಕಳು ಒಂದೆಡೆ ಸೇರಿ, ವಿಷಯಕ್ಕೊಬ್ಬರು ಮೇಷ್ಟ್ರು ಸಿಕ್ಕರೆ ನಷ್ಟವೇನಿಲ್ಲ. ಆದರೆ ಅದಕ್ಕೆ ಮೊದಲು ವಾಹನದ ಮಾತು ಮುಗಿಯಬೇಕು: ಯಾರು ಓಡಿಸುತ್ತಾರೆ, ಡೀಸೆಲ್ ದುಡ್ಡು ಯಾರದು, ಎಷ್ಟು ವರ್ಷಕ್ಕೆ?