ನಿಂತ ಕಾಲಿನಿಂದ ರಕ್ತ ಮೇಲೇರುವ ಬಗೆ

ಚಿಕ್ಕಪೇಟೆಯ ಸೀರೆ ಅಂಗಡಿಗಳಲ್ಲಿ, ದರ್ಶಿನಿಗಳ ಅಡುಗೆಮನೆಗಳಲ್ಲಿ, ಟ್ರಾಫಿಕ್ ಸಿಗ್ನಲ್‌ಗಳಲ್ಲಿ ದಿನವಿಡೀ ನಿಂತು ದುಡಿಯುವವರು ನನ್ನ ಬಳಿ ಹೇಳಿಕೊಳ್ಳುವ ತೊಂದರೆ ಬಹುತೇಕ ಒಂದೇ. ಬೆಳಿಗ್ಗೆ ಹಗುರವಾಗಿದ್ದ ಕಾಲು ಸಂಜೆಯ ಹೊತ್ತಿಗೆ ಭಾರವಾಗಿ ಬಾತುಕೊಳ್ಳುತ್ತದೆ, ಚಪ್ಪಲಿಯ ಪಟ್ಟಿಯ ಗುರುತು ಚರ್ಮದ ಮೇಲೆ ಹಾಗೆಯೇ ಉಳಿಯುತ್ತದೆ. ಹೃದಯಕ್ಕೇನಾದರೂ ಆಗಿದೆಯೇ ಎಂಬುದು ಅವರ ಆತಂಕ. ಅದನ್ನು ಪರೀಕ್ಷಿಸಿಯೇ ಪರಿಹರಿಸಬೇಕು, ನಿಜ. ಆದರೆ ಇವರಲ್ಲಿ ಹಲವರ ವಿಷಯದಲ್ಲಿ ನಾನು ಮೊದಲು ಗಮನಿಸುವುದು ಮೀನಖಂಡವನ್ನು.

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಅಪಧಮನಿಗಳಿಗೆ ತಳ್ಳುತ್ತದೆ, ಅಷ್ಟೇ ರಕ್ತ ಅಭಿಧಮನಿಗಳ ಮೂಲಕ ಹಿಂತಿರುಗಬೇಕು. ಆದರೆ ಸೂಕ್ಷ್ಮವಾದ ಲೋಮನಾಳಗಳನ್ನು ದಾಟಿ ಬರುವಷ್ಟರಲ್ಲಿ ಹೃದಯ ಕೊಟ್ಟ ಒತ್ತಡದ ಬಹುಪಾಲು ಕಳೆದುಹೋಗಿರುತ್ತದೆ. ಅಲುಗಾಡದೆ ನಿಂತವರ ಪಾದದ ಅಭಿಧಮನಿಗಳಲ್ಲಿ, ಅಲ್ಲಿಂದ ಎದೆಯವರೆಗೆ ನಿಂತಿರುವ ರಕ್ತದ ಭಾರದಿಂದಲೇ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ಒತ್ತಡವಿರುತ್ತದೆ. ಅವರೇ ಕೆಲವು ಹೆಜ್ಜೆ ನಡೆದರೆ ಅದು 30ರ ಆಸುಪಾಸಿಗೆ ಇಳಿಯುತ್ತದೆ. ಹೆಜ್ಜೆಯಿಟ್ಟಾಗ ಮೀನಖಂಡದ ಸ್ನಾಯು ಬಿಗಿದು, ತನ್ನೊಳಗಿನ ಆಳದ ಅಭಿಧಮನಿಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ಕಳುಹಿಸುತ್ತದೆ. ಸ್ನಾಯು ಸಡಿಲಗೊಂಡಾಗ ಅಭಿಧಮನಿಗಳೊಳಗಿನ ಕವಾಟಗಳು ಮುಚ್ಚಿಕೊಂಡು ಅದನ್ನು ಕೆಳಗಿಳಿಯದಂತೆ ತಡೆಯುತ್ತವೆ, ಖಾಲಿಯಾದ ಜಾಗಕ್ಕೆ ಚರ್ಮದಡಿಯ ನಾಳಗಳಿಂದ ರಕ್ತ ಹರಿದುಬರುತ್ತದೆ.

ಈ ಕವಾಟಗಳನ್ನು ಯಾರು ಬೇಕಾದರೂ ತಮ್ಮ ಕೈಯಲ್ಲೇ ಪರೀಕ್ಷಿಸಬಹುದು. ತೋಳನ್ನು ಸ್ವಲ್ಪ ಹೊತ್ತು ಇಳಿಬಿಟ್ಟು, ಮುಂಗೈಯಲ್ಲಿ ಎದ್ದು ಕಾಣುವ ನೀಲಿ ಅಭಿಧಮನಿಯೊಂದನ್ನು ಮಣಿಕಟ್ಟಿನ ಕಡೆ ಒಂದು ಬೆರಳಿನಿಂದ ಒತ್ತಿಹಿಡಿಯಿರಿ. ಇನ್ನೊಂದು ಬೆರಳಿನಿಂದ ಅದರೊಳಗಿನ ರಕ್ತವನ್ನು ಮೊಣಕೈಯತ್ತ ನೀವಿ, ಆ ಬೆರಳನ್ನು ತೆಗೆದುಬಿಡಿ. ನಡುವೆ ಕವಾಟವಿದ್ದರೆ ರಕ್ತ ಅದರವರೆಗೆ ಮಾತ್ರ ಮರಳುತ್ತದೆ, ಅದರ ಕೆಳಗಿನ ಭಾಗ ಚಪ್ಪಟೆಯಾಗಿಯೇ ಇರುತ್ತದೆ. ಮಣಿಕಟ್ಟಿನ ಕಡೆಯ ಬೆರಳನ್ನೆತ್ತಿದ ಕ್ಷಣವೇ ತುಂಬಿಕೊಳ್ಳುತ್ತದೆ. ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲಿ ರಕ್ತಪರಿಚಲನೆಯನ್ನು ವಿವರಿಸಿದಾಗ ಮುಂದಿಟ್ಟ ಸಾಕ್ಷ್ಯಗಳಲ್ಲಿ ಇದೂ ಒಂದು. ನಾಲ್ಕು ಶತಮಾನಗಳಾಗುತ್ತ ಬಂದರೂ ಇಷ್ಟು ಸರಳವಾಗಿ ಮನದಟ್ಟು ಮಾಡುವ ಇನ್ನೊಂದು ಪ್ರಯೋಗ ನನಗೆ ತಿಳಿದಿಲ್ಲ.

ಕಾಲಿನ ಕವಾಟಗಳು ಸಡಿಲಗೊಂಡರೆ ರಕ್ತ ಕೆಳಗೇ ನಿಂತು, ನಾಳಗಳು ಹಿಗ್ಗಿ ಸುರುಳಿಯಾಗುತ್ತವೆ. ವೆರಿಕೋಸ್ ವೇನ್ಸ್ ಎನ್ನುವುದು ಇದನ್ನೇ. ಮನೆತನದಲ್ಲಿ ಈ ತೊಂದರೆಯಿದ್ದವರಿಗೆ ಮತ್ತು ಗರ್ಭಿಣಿಯರಿಗೆ ಇದರ ಸಾಧ್ಯತೆ ಹೆಚ್ಚು. ಮುಂದೆ ಪಾದದ ಕೀಲಿನ ಒಳಬದಿಯ ಮೇಲ್ಭಾಗದಲ್ಲಿ ಚರ್ಮ ಕಂದುಬಣ್ಣಕ್ಕೆ ತಿರುಗಿ, ಕೊನೆಗೆ ಮಾಯದ ಹುಣ್ಣಾಗಬಹುದು. ಇದನ್ನು ಚರ್ಮರೋಗವೆಂದು ಭಾವಿಸಿ ಬರೀ ಮುಲಾಮು ಹಚ್ಚುತ್ತ ತಿಂಗಳುಗಟ್ಟಲೆ ಕಳೆಯುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಕಂಪ್ಯೂಟರಿನ ಮುಂದೆ ಅಥವಾ ಔಟರ್ ರಿಂಗ್ ರೋಡಿನ ವಾಹನದಟ್ಟಣೆಯಲ್ಲಿ ಗಂಟೆಗಟ್ಟಲೆ ಕುಳಿತವರ ಮೀನಖಂಡವೂ ಸುಮ್ಮನೇ ಇರುತ್ತದೆ. ನಿಂತಲ್ಲೇ ಆಗಾಗ ಹಿಮ್ಮಡಿಯೆತ್ತಿ ಇಳಿಸುವುದು, ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಮನೆಗೆ ಬಂದ ಮೇಲೆ ಕಾಲನ್ನು ಎದೆಯ ಮಟ್ಟಕ್ಕಿಂತ ಎತ್ತರದಲ್ಲಿಟ್ಟು ಮಲಗುವುದು ಉಪಯುಕ್ತ. ಬಿಗಿ ಕಾಲುಚೀಲವನ್ನು ಮಾತ್ರ ಅಪಧಮನಿಯ ಹರಿವನ್ನು ವೈದ್ಯರು ಪರೀಕ್ಷಿಸಿದ ನಂತರವೇ ಧರಿಸಬೇಕು.

ಎರಡೂ ಕಾಲು ಒಟ್ಟಿಗೆ ಬಾತರೆ ಹೃದಯ, ಮೂತ್ರಪಿಂಡ, ಯಕೃತ್ತನ್ನೂ ಪರೀಕ್ಷಿಸಬೇಕಾಗುತ್ತದೆ. ಆಮ್ಲೋಡಿಪಿನ್‌ನಂತಹ ರಕ್ತದೊತ್ತಡದ ಮಾತ್ರೆಯೂ ಬಾವು ತರಬಹುದು. ಒಂದೇ ಕಾಲು ಏಕಾಏಕಿ ಊದಿಕೊಂಡು ನೋಯತೊಡಗಿದರೆ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು, ಆ ಹೆಪ್ಪು ಕಳಚಿಕೊಂಡು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಕುತ್ತು. ಅಂಥ ಕಾಲಿಗೆ ಎಣ್ಣೆ ಹಚ್ಚಿ ತಿಕ್ಕದೆ ಅಂದೇ ಆಸ್ಪತ್ರೆಗೆ ಹೋಗಬೇಕು.