ಪದ ಪರಿಚಯ: ಹಾಂಕಿ-ಟಾಂಕ್

ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಹಾಡುಗಳನ್ನು ಕೇಳುವವರ ಕಿವಿಗೆ ಈ ಪದ ಆಗಾಗ ಬೀಳುತ್ತದೆ. ಹಾಂಕಿ-ಟಾಂಕ್ ಅಂದರೆ ಮೊದಲಿಗೆ ಒಂದು ಜಾಗ. ಅಲ್ಲಿ ಬಿಯರ್ ಸಿಗಬೇಕು, ಕಂಟ್ರಿ ಬ್ಯಾಂಡ್ ನುಡಿಸುತ್ತಿರಬೇಕು, ಜೋಡಿಗಳು ಕುಣಿಯಲು ಮರದ ನೆಲ ಇರಬೇಕು. ಆಮೇಲೆ ಅಲ್ಲಿ ಬೆಳೆದ ಹಾಡಿನ ಶೈಲಿಗೂ ಅದೇ ಹೆಸರು ಅಂಟಿಕೊಂಡಿತು. ಶ್ರುತಿ ಸ್ವಲ್ಪ ತಪ್ಪಿದ ಹಳೇ ಪಿಯಾನೊದ ಟಣಟಣ ಸದ್ದನ್ನೂ ಹಾಂಕಿ-ಟಾಂಕ್ ಪಿಯಾನೊ ಅಂತಲೇ ಕರೆಯುತ್ತಾರೆ. ಅಂಥ ಕಡೆ ಶ್ರುತಿ ಸರಿಮಾಡಿಸಲು ಯಾರು ದುಡ್ಡು ಖರ್ಚು ಮಾಡುತ್ತಾರೆ, ಅಲ್ವಾ?

1890ರ ದಶಕದ ಟೆಕ್ಸಸ್, ಒಕ್ಲಹೋಮಾ ಕಡೆಯ ಪತ್ರಿಕೆಗಳಲ್ಲೇ ಈ ಪದ ಕಾಣುತ್ತದೆ. ಆಗ ಅದು ಮರ್ಯಾದಸ್ಥರು ಕಾಲಿಡದ ಜಾಗದ ಹೆಸರು. ಡಾನ್ಸ್ ಹಾಲ್ ಹಾಗಲ್ಲ. ಟೆಕ್ಸಸ್‌ಗೆ ವಲಸೆ ಬಂದ ಜರ್ಮನ್ನರು, ಚೆಕ್ ಜನ ತಮ್ಮ ಊರುಗಳಲ್ಲಿ ದೊಡ್ಡ ಡಾನ್ಸ್ ಹಾಲ್‌ಗಳನ್ನು ಕಟ್ಟಿಕೊಂಡಿದ್ದರು. ಅಜ್ಜಿ, ಮೊಮ್ಮಕ್ಕಳು ಎಲ್ಲರೂ ಬರುತ್ತಿದ್ದರು. 1878ರಲ್ಲಿ ಕಟ್ಟಿದ ಗ್ರೀನ್ ಹಾಲ್ ಇವತ್ತಿಗೂ ನಡೆಯುತ್ತಿದೆ, ಅದೇ ತಗಡಿನ ಮಾಡಿನ ಕೆಳಗೆ. ಹಾಂಕಿ-ಟಾಂಕ್‌ಗೆ ಬರುವವರು ದೊಡ್ಡವರು ಮಾತ್ರ. ಹೆಚ್ಚಿನವರು ಕೆಲಸ ಮುಗಿಸಿ, ಕೂಲಿ ಜೇಬಿಗಿಟ್ಟುಕೊಂಡು ಬಂದವರು.

ಈ ಜಾಗಗಳು ಜಾಸ್ತಿಯಾಗಿದ್ದು 1930ರ ದಶಕದಲ್ಲಿ. ಅದಕ್ಕೆ ಎರಡು ಕಾರಣ. ಪೂರ್ವ ಟೆಕ್ಸಸ್‌ನಲ್ಲಿ 1930ರಲ್ಲಿ ಭಾರಿ ಎಣ್ಣೆ ನಿಕ್ಷೇಪ ಸಿಕ್ಕಿ, ಬಾವಿ ಕೊರೆಯುವ ಕೆಲಸಕ್ಕೆ ಗಂಡಾಳುಗಳ ದಂಡೇ ಬಂದಿಳಿಯಿತು. 1933ರಲ್ಲಿ ದೇಶದ ಪಾನನಿಷೇಧ ರದ್ದಾಯಿತು. ಆದರೂ ಎಷ್ಟೋ ಕೌಂಟಿಗಳು (ನಮ್ಮ ಜಿಲ್ಲೆಗಳಂಥವು) ತಮ್ಮ ಮಟ್ಟಿಗೆ ‘ಡ್ರೈ’ ಆಗಿಯೇ ಉಳಿದವು. ನಮ್ಮ ಚುನಾವಣೆಯ ಡ್ರೈ ಡೇ ವರ್ಷವಿಡೀ ಇದ್ದ ಹಾಗೆ! ಕುಡಿಯುವವರು ಕೌಂಟಿಯ ಗಡಿ ದಾಟಿ ಹೋಗುತ್ತಿದ್ದರು. ಅವರಿಗಾಗಿ ಗಡಿಯಾಚೆ, ಹೆದ್ದಾರಿ ಬದಿಯಲ್ಲಿ, ಬಿಯರ್ ಅಂಗಡಿಗಳು ಎದ್ದವು. ಬ್ಯಾಂಡ್ ಇಲ್ಲದ ದಿನ ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸ್ ಇರುತ್ತಿತ್ತು.

ಇಲ್ಲಿಂದ ಮುಂದಿನದು ನನಗೆ ತುಂಬ ಇಷ್ಟವಾದ ಭಾಗ. ಕಂಟ್ರಿ ಸಂಗೀತ ಮೊದಲು ಮನೆ ಜಗಲಿಯ ಸಂಗೀತ: ಪಿಟೀಲು, ಬ್ಯಾಂಜೊ, ಗಿಟಾರ್, ದೇವರು, ಅಮ್ಮ, ಹಳ್ಳಿಮನೆ. ಹಾಂಕಿ-ಟಾಂಕ್‌ನಲ್ಲಿ ಇದು ನಡೆಯುವ ಮಾತಲ್ಲ. ಕುಡಿದವರ ಗಲಾಟೆ, ಬಾಟಲಿ ಸದ್ದು, ನೂರಾರು ಬೂಟುಗಳ ಸದ್ದು. ಇದರ ಮಧ್ಯೆ ಮೆಲ್ಲನೆಯ ಗಿಟಾರ್ ಯಾರಿಗೆ ಕೇಳುತ್ತದೆ? ಅರ್ನೆಸ್ಟ್ ಟಬ್ ಎಂಬ ಟೆಕ್ಸಸ್ ಗಾಯಕನಿಗೆ ಜ್ಯೂಕ್‌ಬಾಕ್ಸ್ ವ್ಯಾಪಾರಿಗಳಿಂದ ಇದೇ ದೂರು ಬಂತು: ಜನ ಸೇರಿದ ಮೇಲೆ ನಿನ್ನ ರೆಕಾರ್ಡ್ ಕೇಳುವುದೇ ಇಲ್ಲ ಅಂತ. 1941ರಲ್ಲಿ ಅವನು ಹಾಡಿಗೆ ಎಲೆಕ್ಟ್ರಿಕ್ ಗಿಟಾರ್ ಸೇರಿಸಿದ. ಆ ರೆಕಾರ್ಡು ಭರ್ಜರಿ ಹಿಟ್ ಆಯಿತು. ಎಲೆಕ್ಟ್ರಿಕ್ ಸ್ಟೀಲ್ ಗಿಟಾರ್, ಡ್ರಮ್ಸ್‌ಗಳಿಗೂ ಈ ಕುಣಿತದ ಜಾಗಗಳೇ ದಾರಿ ಮಾಡಿಕೊಟ್ಟವು. ನ್ಯಾಶ್‌ವಿಲ್‌ನ ಗ್ರ್ಯಾಂಡ್ ಓಲ್ ಆಪ್ರಿ ಎಂಬ ರೇಡಿಯೊ ಕಾರ್ಯಕ್ರಮವಂತೂ ಡ್ರಮ್ಸ್ ನೋಡಿ ಬಹಳ ವರ್ಷ ಮೂಗು ಮುರಿಯಿತು. ಅಂದರೆ ಈ ಶೈಲಿಯನ್ನು ಯಾರೂ ಕೂತು ಯೋಚಿಸಿ ಕಟ್ಟಲಿಲ್ಲ. ಆ ಗದ್ದಲವೇ ಕಟ್ಟಿಸಿತು.

ಹಾಡಿನ ವಿಷಯವೂ ಬದಲಾಯಿತು. ಕುಡಿತ, ಕದ್ದ ಪ್ರೇಮ, ಮುರಿದ ಸಂಸಾರ. ಮನೆ ಹಾಳಾಗುವುದಕ್ಕೆ ಹಾಂಕಿ-ಟಾಂಕ್‌ಗೆ ಬರುವ ಹೆಣ್ಣೇ ಕಾರಣ ಎಂದು ದೂರುವ ಹಾಡೊಂದು ಜನಪ್ರಿಯವಾದಾಗ, 1952ರಲ್ಲಿ ಕಿಟಿ ವೆಲ್ಸ್ ಅದಕ್ಕೆ ಉತ್ತರವಾಗಿ ಇನ್ನೊಂದು ಹಾಡಿದರು: ತಪ್ಪು ಹೆಂಡತಿಯನ್ನು ಮರೆತು ತಿರುಗುವ ಗಂಡಸರದ್ದೂ ಹೌದು ಅಂತ. ಎನ್‌ಬಿಸಿ ರೇಡಿಯೊ ಅದನ್ನು ನಿಷೇಧಿಸಿತು. ಆದರೂ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಹಿಟ್ ಹಾಡುಗಳ ಪಟ್ಟಿಯಲ್ಲಿ ಒಬ್ಬಳೇ ಹಾಡಿ ಮೊದಲ ಸ್ಥಾನಕ್ಕೇರಿದ ಮೊದಲ ಹೆಣ್ಣಾದರು ವೆಲ್ಸ್. ನಿಷೇಧ ಮಾಡಿದವರಿಗೆ ಇದಕ್ಕಿಂತ ಒಳ್ಳೆ ಉತ್ತರ ಬೇಕಾ?

ಹೊರಗಿನ ಜಗತ್ತಿಗೆ ಹಾಂಕಿ-ಟಾಂಕ್‌ನ ಮುಖ ತೋರಿಸಿದ್ದು ಗಿಲೀಸ್ ಎಂಬ ಕ್ಲಬ್. ಹ್ಯೂಸ್ಟನ್ ಪಕ್ಕದ ಪ್ಯಾಸಡೀನಾ ಊರಿನ ಸ್ಪೆನ್ಸರ್ ಹೈವೇಯಲ್ಲಿ 1971ರಲ್ಲಿ ಶುರುವಾಯಿತು. ಜಾಗ ಶೆರ್ವುಡ್ ಕ್ರೈಯರ್‌ದು, ಹೆಸರು ಮತ್ತು ಹಾಡು ಗಾಯಕ ಮಿಕಿ ಗಿಲಿಯದು. ಪ್ಯಾಸಡೀನಾ ಅಂದರೆ ಎಣ್ಣೆ ಶುದ್ಧೀಕರಣ ಘಟಕ, ರಾಸಾಯನಿಕ ಕಾರ್ಖಾನೆಗಳ ಊರು. ಹಗಲು ಹೆಲ್ಮೆಟ್ ತೊಟ್ಟವರು ರಾತ್ರಿ ಕೌಬಾಯ್ ಟೋಪಿ ತೊಟ್ಟು ಬರುತ್ತಿದ್ದರು. ಅವರಲ್ಲಿ ದನ ಕಾದವರು ಎಷ್ಟು ಮಂದಿಯೋ! ಕ್ಲಬ್ ಬೆಳೆಯುತ್ತಾ ಬೆಳೆಯುತ್ತಾ ಸಾವಿರಾರು ಜನ ಹಿಡಿಸುವಷ್ಟಾಯಿತು. ಜಗತ್ತಿನ ಅತಿ ದೊಡ್ಡ ಹಾಂಕಿ-ಟಾಂಕ್ ಎಂದು ಹೇಳಿಕೊಂಡಿತು.

ಅಲ್ಲಿನ ದೊಡ್ಡ ಆಕರ್ಷಣೆ ಯಂತ್ರದ ಗೂಳಿ. ರೋಡಿಯೊ ಅಂದರೆ ಕುಪ್ಪಳಿಸುವ ಗೂಳಿ, ಕುದುರೆಗಳ ಮೇಲೆ ಕೂರುವ ಪಂದ್ಯ; ಅದರ ಸವಾರರ ತರಬೇತಿಗೆ ಮಾಡಿದ ಸಾಧನ ಅದು. ತಲೆಯಿಲ್ಲ, ಕಾಲಿಲ್ಲ, ಬರೀ ಪೀಪಾಯಿಯಂಥ ಮೈ. ಒಂದೇ ಕೈಯಲ್ಲಿ ಹಗ್ಗ ಹಿಡಿದು ಕೂರಬೇಕು. ಪಕ್ಕದಲ್ಲಿ ನಿಂತವನು ಗುಂಡಿ ತಿರುಗಿಸಿದಂತೆ ಅದು ಕುಪ್ಪಳಿಸುತ್ತದೆ, ಗಿರಗಿರ ತಿರುಗುತ್ತದೆ. ಬಿದ್ದರೆ ಸುತ್ತಲೂ ಹಾಸಿಗೆ.

1978ರಲ್ಲಿ ಎಸ್ಕ್ವೈರ್ ಪತ್ರಿಕೆಯಲ್ಲಿ ಆರನ್ ಲೇಥಮ್ ಈ ಕ್ಲಬ್ಬಿನ ಬಗ್ಗೆ ಲೇಖನ ಬರೆದರು. ಅದರಿಂದ 1980ರಲ್ಲಿ ಜಾನ್ ಟ್ರವೋಲ್ಟಾ ನಟಿಸಿದ ‘ಅರ್ಬನ್ ಕೌಬಾಯ್’ ಸಿನಿಮಾ ಬಂತು. ತಗೊಳ್ಳಿ, ದನವನ್ನೇ ಮುಟ್ಟದ ಊರುಗಳಲ್ಲೆಲ್ಲ ಟೋಪಿ, ಬೂಟು, ಯಂತ್ರದ ಗೂಳಿ! ನನ್ನ ಮಟ್ಟಿಗೆ ಗಿಲೀಸ್‌ಗೆ ಕೇಡು ಶುರುವಾಗಿದ್ದೂ ಅಲ್ಲಿಂದಲೇ. ಊರಿನ ಕೆಲಸಗಾರರ ಜಾಗ ಪ್ರವಾಸಿಗಳ ಜಾಗವಾಯಿತು. ಫ್ಯಾಷನ್ ಇಳಿಯಿತು, ಪಾಲುದಾರರ ಜಗಳ ಕೋರ್ಟಿಗೆ ಹೋಯಿತು. 1989ರಲ್ಲಿ ಕ್ಲಬ್ ಬಾಗಿಲು ಹಾಕಿತು, ಮರುವರ್ಷ ಬೆಂಕಿಗೆ ಸುಟ್ಟುಹೋಯಿತು.

ಅಷ್ಟರಲ್ಲಿ ಟೆಕ್ಸಸ್‌ನದೇ ಫೋರ್ಟ್ ವರ್ತ್‌ನಲ್ಲಿ, ಹಳೇ ದನದ ಸಂತೆಯ ಜಾಗದಲ್ಲಿ, 1981ರಿಂದ ಬಿಲಿ ಬಾಬ್ಸ್ ಎಂಬ ಹಾಂಕಿ-ಟಾಂಕ್ ನಡೆಯುತ್ತಿತ್ತು. ಅಲ್ಲಿ ಸವಾರಿಗೆ ನಿಜವಾದ ಗೂಳಿಗಳೇ. ಅದು ಈಗಲೂ ಇದೆ.

ಆದರೆ ಹಾಂಕಿ-ಟಾಂಕ್ ಹೇಗಿರುತ್ತದೆ ಅಂತ ತಿಳಿಯಲು ಟೆಕ್ಸಸ್‌ನ ಆಸ್ಟಿನ್ ನಗರದ ಬ್ರೋಕನ್ ಸ್ಪೋಕ್ ಇನ್ನೂ ಒಳ್ಳೆ ಜಾಗ. 1964ರಲ್ಲಿ ಜೇಮ್ಸ್ ವೈಟ್ ಶುರು ಮಾಡಿದ್ದು. ಈಗ ಅಕ್ಕಪಕ್ಕ ದೊಡ್ಡ ಅಪಾರ್ಟ್‌ಮೆಂಟ್‌ಗಳು ಎದ್ದಿವೆ. ಒಳಗೆ ಮಾತ್ರ ತಗ್ಗಿದ ಸೂರು, ಉದ್ದನೆಯ ಕುಣಿಯುವ ನೆಲ. ಹೊಸಬರಿಗೆ ಟೂ-ಸ್ಟೆಪ್ ಹೇಳಿಕೊಡುತ್ತಾರೆ: ಎರಡು ಚುರುಕು ಹೆಜ್ಜೆ, ಎರಡು ನಿಧಾನದ ಹೆಜ್ಜೆ. ಜೋಡಿಗಳೆಲ್ಲ ಅಪ್ರದಕ್ಷಿಣೆಯಾಗಿ ನೆಲದ ಸುತ್ತ ಸಾಗುತ್ತಾರೆ. ವೇಗವಾಗಿ ಹೋಗುವವರು ಹೊರಸುತ್ತಿನಲ್ಲಿರಬೇಕು. ಕಾಲಿನ ಮೇಲೆ ಇನ್ನೂ ಭರವಸೆ ಬಾರದವರು ಒಳಗಡೆ ಇದ್ದರೆ ಕ್ಷೇಮ.