ಬ್ಲಾಗಿಗೆ ಎಷ್ಟು ಪ್ಲಗಿನ್ ಹಾಕಿದರೆ ಜಾಸ್ತಿ?

ಗದಗದ ಓದುಗರೊಬ್ಬರ ಪ್ರಶ್ನೆ: "ಲಕ್ಕುಂಡಿಯ ಗುಡಿಗಳ ಬಗ್ಗೆ ವರ್ಡ್‌ಪ್ರೆಸ್‌ನಲ್ಲಿ ಬ್ಲಾಗ್ ಬರೆಯುತ್ತೇನೆ. ಹೋಸ್ಟಿಂಗ್ (ಬ್ಲಾಗ್ ಇಡುವ ಸರ್ವರ್ ಜಾಗ) ನನ್ನದೇ. ಅದು ಇದು ಅಂತ ಹಾಕುತ್ತಾ ಈಗ 23 ಪ್ಲಗಿನ್ ಆಗಿವೆ, ಸೈಟ್ ತೆರೆಯುವುದು ನಿಧಾನವಾಗಿದೆ. ಹತ್ತಕ್ಕಿಂತ ಜಾಸ್ತಿ ಇರಬಾರದು ಅಂತ ಗೆಳೆಯರು ಹೇಳುತ್ತಾರೆ. ನಿಜಾನಾ? ಎಷ್ಟಿದ್ದರೆ ಸರಿ?"

ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಹೋಗಿ ಒಬ್ಬ ಹಮಾಲರನ್ನು "ಎಷ್ಟು ಚೀಲ ಹೊರತೀರಿ?" ಎಂದು ಕೇಳಿ ನೋಡಿ. ಲೆಕ್ಕ ಹೇಳುವ ಮೊದಲು "ಒಳಗ ಏನೈತ್ರಿ?" ಎಂದು ತಿರುಗಿ ಕೇಳುತ್ತಾರೆ. ಚುರಮುರಿ ತುಂಬಿದರೂ ಅದು ಒಂದು ಚೀಲ, ಜೋಳ ತುಂಬಿದರೂ ಒಂದು ಚೀಲ. ಬ್ಲಾಗ್ ನಡೆಸುವ ವರ್ಡ್‌ಪ್ರೆಸ್ ತಂತ್ರಾಂಶಕ್ಕೆ ಹೊಸ ಕೆಲಸ ಕಲಿಸುವ ಪ್ಲಗಿನ್‌ಗಳ ಲೆಕ್ಕವೂ ಹೀಗೇ. ವರ್ಡ್‌ಪ್ರೆಸ್ ಜೊತೆಗೆ ಬರುವ ಹಲೋ ಡಾಲಿ ಎಂಬ ಪುಟ್ಟ ಪ್ಲಗಿನ್ ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ ಹಾಡಿನ ಒಂದು ಸಾಲು ತೋರಿಸುತ್ತದೆ, ಅಷ್ಟೇ. ವೂಕಾಮರ್ಸ್ ಎಂಬ ಪ್ಲಗಿನ್ ಇಡೀ ಆನ್‌ಲೈನ್ ಅಂಗಡಿಯನ್ನೇ ತಂದು ಕೂರಿಸುತ್ತದೆ. ಪಟ್ಟಿಯಲ್ಲಿ ಎರಡೂ ಒಂದೊಂದೇ. ಹಾಗಾಗಿ ಹತ್ತು ಎಂಬ ಸಂಖ್ಯೆಗೆ ಅರ್ಥವಿಲ್ಲ. ಆದರೆ ನಿಮ್ಮ 23ರಲ್ಲಿ ಅರ್ಧದಷ್ಟಾದರೂ ಬೇಡದವು ಅಂತ ನನ್ನ ಅಂದಾಜು.

ಪ್ಲಗಿನ್ ಅಂದರೆ ಬೇರೆಯವರು ಪಿಎಚ್‌ಪಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿಟ್ಟ ಕೋಡ್. ಡಬ್ಲ್ಯುಪಿ-ಕಂಟೆಂಟ್ ಎಂಬ ಫೋಲ್ಡರಿನೊಳಗೆ ಪ್ಲಗಿನ್ಸ್ ಎಂಬ ಇನ್ನೊಂದು ಫೋಲ್ಡರ್ ಇದೆ, ಅಲ್ಲಿ ಬಂದು ಕೂರುತ್ತದೆ. ಕ್ಯಾಶ್ (ಮೊದಲೇ ಸಿದ್ಧ ಮಾಡಿಟ್ಟ ಪುಟದ ಪ್ರತಿ) ಇಲ್ಲದ ಬ್ಲಾಗಿನಲ್ಲಿ ಯಾರಾದರೂ ಒಂದು ಪುಟ ತೆರೆದರೂ ಸಾಕು, ಆಕ್ಟಿವ್ ಇರುವ ಅಷ್ಟೂ ಪ್ಲಗಿನ್‌ಗಳನ್ನು ಓದಿಕೊಂಡೇ ವರ್ಡ್‌ಪ್ರೆಸ್ ಮುಂದೆ ಹೋಗುತ್ತದೆ. ಯಾವುದು ಭಾರ ಅಂತ ಊಹೆ ಮಾಡಬೇಡಿ, ತೂಗಿ ನೋಡಿ. ಕ್ವೆರಿ ಮಾನಿಟರ್ ಎಂಬ ಉಚಿತ ಪ್ಲಗಿನ್ ಇದೆ. ಒಂದು ಸಂಜೆ ಹಾಕಿಕೊಳ್ಳಿ. ಯಾವ ಪ್ಲಗಿನ್, ಲೇಖನಗಳೆಲ್ಲ ಕೂಡಿಟ್ಟಿರುವ ಡೇಟಾಬೇಸ್ ಅನ್ನು ಎಷ್ಟು ಸಲ ತಟ್ಟುತ್ತಿದೆ ಎಂದು ಹೆಸರು ಸಮೇತ ತೋರಿಸುತ್ತದೆ. ನೋಡಿಯಾದ ಮೇಲೆ ಅದನ್ನೂ ತೆಗೆಯಿರಿ. (ತಕ್ಕಡಿಯನ್ನು ಚೀಲದ ಜೊತೆ ಮನೆಗೆ ಹೊತ್ತುಕೊಂಡು ಬರುತ್ತೇವಾ?)

ಇನ್ನು ಬೇಡದವು ಯಾವುವು? ಮುಂಚೆ ಪ್ಲಗಿನ್ ಬೇಕಾಗಿದ್ದ ಎಷ್ಟೋ ಕೆಲಸ ಈಗ ವರ್ಡ್‌ಪ್ರೆಸ್ ತಾನೇ ಮಾಡುತ್ತದೆ. 2018ರಲ್ಲಿ ಬ್ಲಾಕ್ ಎಡಿಟರ್ ಬಂದಾಗಿನಿಂದ ಟೇಬಲ್, ಬಟನ್, ಸಾದಾ ಗ್ಯಾಲರಿ ಎಲ್ಲ ಒಳಗೇ ಇವೆ. ಫೋನಿನಲ್ಲಿ ತೆಗೆದ ದೊಡ್ಡ ಫೋಟೊವನ್ನು 2560 ಪಿಕ್ಸೆಲ್‌ಗೆ ಇಳಿಸುವುದು 2019ರಿಂದ ಇದೆ. ಓದುಗ ಕೆಳಗೆ ಸರಿದಾಗ ಮಾತ್ರ ಚಿತ್ರ ಇಳಿಸಿಕೊಳ್ಳುವ ಲೇಜಿ ಲೋಡಿಂಗ್, ಬ್ಲಾಗಿನ ಪುಟಗಳ ಪಟ್ಟಿಯಾಗಿ ಗೂಗಲ್‌ಗೆ ಕೊಡುವ ಸೈಟ್‌ಮ್ಯಾಪ್, ಎರಡೂ 2020ರಲ್ಲಿ ಬಂದ 5.5 ಆವೃತ್ತಿಯಿಂದ ಇವೆ. ಇವಕ್ಕೆಲ್ಲ ಒಂದೊಂದು ಹಳೇ ಪ್ಲಗಿನ್ ನಿಮ್ಮ ಹತ್ತಿರ ಇದ್ದರೆ ಇಬ್ಬರು ಅಡುಗೆಯವರು ಒಂದೇ ಪಾತ್ರೆಯ ಸಾರಿಗೆ ಉಪ್ಪು ಹಾಕಿದ ಹಾಗೆ ಆಗುತ್ತದೆ.

ಕನ್ನಡದಲ್ಲಿ ಬರೆಯುವವರಿಗೇ ಅಂಟಿಕೊಂಡ ಒಂದು ತೊಂದರೆ ಇದೆ. ಅದಕ್ಕೂ ಜನ ಪ್ಲಗಿನ್ ಹುಡುಕುತ್ತಾರೆ. "ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿ" ಅಂತ ಶೀರ್ಷಿಕೆ ಕೊಟ್ಟು ಲೇಖನ ಪ್ರಕಟಿಸಿ, ಆಮೇಲೆ ಅದರ ವಿಳಾಸ ನೋಡಿ. "ಲಕ್ಕುಂಡಿಯ-ಕಾಶಿವಿಶ್ವೇಶ್ವ" ಎಂದು ನಿಂತುಬಿಟ್ಟಿರುತ್ತದೆ. ರ ಬಿದ್ದುಹೋಯಿತು, ಗುಡಿಯೂ ಹೋಯಿತು. ಯಾಕೆ ಗೊತ್ತಾ? ವಿಳಾಸದ ಈ ತುಂಡಿಗೆ ವರ್ಡ್‌ಪ್ರೆಸ್ ಇಟ್ಟಿರುವ ಜಾಗ 200 ಅಕ್ಷರ. ಕನ್ನಡದ ಒಂದೊಂದು ಅಕ್ಷರ, ಒತ್ತು, ಕೊಂಬು, ಸೊನ್ನೆ ಎಲ್ಲವೂ ಅಲ್ಲಿ ಶೇಕಡಾ ಗುರುತಿನ ಸಂಕೇತವಾಗಿ ಒಂಬತ್ತೊಂಬತ್ತು ಜಾಗ ತಿನ್ನುತ್ತವೆ. "ಹುಬ್ಬಳ್ಳಿ" ಎಂಬ ಒಂದೇ ಪದಕ್ಕೆ 81 ಬೇಕು. ಇದಕ್ಕೆ ಪ್ಲಗಿನ್ ಬೇಡ. ಪ್ರಕಟಿಸುವ ಮೊದಲು ಬಲಗಡೆಯ ಸ್ಲಗ್ ಎಂಬ ಖಾನೆಯಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ನೀವೇ ಟೈಪ್ ಮಾಡಿದರೆ ಮುಗೀತು.

ಹಾಕುವ ವಿಧಾನ ನಿಮಗೆ ಗೊತ್ತೇ ಇದೆ: ಹುಡುಕು, ಇನ್‌ಸ್ಟಾಲ್ ಒತ್ತು, ಆಕ್ಟಿವೇಟ್ ಒತ್ತು. ಅಷ್ಟು ಸುಲಭ ಇರುವುದೇ ಸಮಸ್ಯೆ. ಪ್ಲಗಿನ್‌ಗೆ ವರ್ಡ್‌ಪ್ರೆಸ್‌ನಲ್ಲಿ ಬೇರೆ ಕೋಣೆ ಅಂತ ಇಲ್ಲ. ಒಳಗೆ ಬಂದ ಮೇಲೆ ಅದು ಡೇಟಾಬೇಸ್ ಪೂರ್ತಿ ಓದಬಹುದು, ಬರೆಯಬಹುದು. ಆದ್ದರಿಂದ ಇನ್‌ಸ್ಟಾಲ್ ಒತ್ತುವ ಮೊದಲು ಅದರ ಪುಟದಲ್ಲಿ ಕೊನೇ ಅಪ್‌ಡೇಟ್ ಯಾವಾಗ ಅಂತ ನೋಡಿ. ವರ್ಡ್‌ಪ್ರೆಸ್‌ನ ಇತ್ತೀಚಿನ ಮೂರು ದೊಡ್ಡ ಆವೃತ್ತಿಗಳ ಜೊತೆ ಪರೀಕ್ಷೆ ಆಗಿಲ್ಲದಿದ್ದರೆ ಅಲ್ಲೇ ಒಂದು ಎಚ್ಚರಿಕೆ ಕಾಣುತ್ತದೆ. ಎಷ್ಟು ಸ್ಟಾರ್ ಇದೆ ಅನ್ನುವುದನ್ನು ನಾನು ನೋಡುವುದಿಲ್ಲ. ಸಪೋರ್ಟ್ ವಿಭಾಗಕ್ಕೆ ಹೋಗಿ, ಜನ ಕೇಳಿದ ಪ್ರಶ್ನೆಗೆ ಬರೆದವರು ಉತ್ತರ ಕೊಟ್ಟಿದ್ದಾರಾ ಅಂತ ನೋಡುತ್ತೇನೆ. ದುಡ್ಡಿನ ಪ್ಲಗಿನ್ ಪುಕ್ಕಟೆ ಸಿಗುತ್ತದೆ ಎನ್ನುವ "ನಲ್ಡ್" ಸೈಟುಗಳ ಕಡೆ ಮಾತ್ರ ತಲೆ ಹಾಕಬೇಡಿ. ಆ ಜಿಪ್ ಫೈಲಿನಲ್ಲಿ ಪ್ಲಗಿನ್ ಜೊತೆ ಇನ್ನೇನೇನು ಬರುತ್ತದೋ, ಅದು ಗೊತ್ತಾಗುವ ಹೊತ್ತಿಗೆ ನಿಮ್ಮ ಲಕ್ಕುಂಡಿ ಬ್ಲಾಗಿನಿಂದ ಯಾರದೋ ಜೂಜಿನ ಸೈಟಿಗೆ ಲಿಂಕ್ ಹೋಗುತ್ತಿರುತ್ತದೆ.

ಅಪ್‌ಡೇಟ್ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ಒಂದು ಸಂಜೆ ಧಾರವಾಡದಿಂದ ಹುಬ್ಬಳ್ಳಿಗೆ ಚಿಗರಿ ಬಸ್ಸಿನಲ್ಲಿ ಬರುತ್ತಿದ್ದೆ. ಕೈ ಸುಮ್ನೆ ಇರಲಿಲ್ಲ. ಮೊಬೈಲಿನಲ್ಲೇ ಎಲ್ಲ ಪ್ಲಗಿನ್‌ಗೂ ಟಿಕ್ ಹಾಕಿ ಅಪ್‌ಡೇಟ್ ಒತ್ತಿದೆ. ನವನಗರ ದಾಟುವಷ್ಟರಲ್ಲಿ ಬ್ಲಾಗಿನ ಜಾಗದಲ್ಲಿ ಗಂಭೀರ ದೋಷ ಅಂತ ಒಂದೇ ಸಾಲು, ಉಳಿದದ್ದೆಲ್ಲ ಬಿಳಿ. ಡ್ಯಾಶ್‌ಬೋರ್ಡೂ ತೆರೆಯಲಿಲ್ಲ. ಇಂಥ ಹೊತ್ತಿಗೆ ವರ್ಡ್‌ಪ್ರೆಸ್ ಅಡ್ಮಿನ್ ಇಮೇಲಿಗೆ ಒಂದು ಲಿಂಕ್ ಕಳಿಸುತ್ತದೆ. 2019ರಲ್ಲಿ ಬಂದ 5.2ರಿಂದ ಈ ಏರ್ಪಾಡಿದೆ. ಆ ಲಿಂಕಿನಿಂದ ಹೋದರೆ ಕೆಟ್ಟ ಪ್ಲಗಿನ್ ಅನ್ನು ಬದಿಗೆ ಸರಿಸಿ ನಿಮ್ಮನ್ನು ಒಳಗೆ ಬಿಡುತ್ತದೆ. ನನ್ನದು ಎಲ್ಲಿಗೆ ಹೋಗಿತ್ತು? ನಾನು ಯಾವತ್ತೋ ಬಿಟ್ಟ, ಪಾಸ್‌ವರ್ಡ್ ಕೂಡ ಮರೆತ ಹಳೇ ವಿಳಾಸಕ್ಕೆ. ಕೊನೆಗೆ ಉಣಕಲ್ ಕ್ರಾಸ್‌ನಲ್ಲಿ ಇಳಿದು, ನಿಂತಲ್ಲೇ ಹೋಸ್ಟಿಂಗ್‌ನ ಫೈಲ್ ಮ್ಯಾನೇಜರ್ ತೆರೆದು, ಪ್ಲಗಿನ್ಸ್ ಫೋಲ್ಡರಿನಲ್ಲಿ ಅನುಮಾನ ಇದ್ದ ಪ್ಲಗಿನ್‌ನ ಫೋಲ್ಡರ್ ಹೆಸರಿಗೆ "ಓಲ್ಡ್" ಅಂತ ಬಾಲ ಸೇರಿಸಿದೆ. ಹೆಸರು ಬದಲಾದರೆ ವರ್ಡ್‌ಪ್ರೆಸ್‌ಗೆ ಆ ಪ್ಲಗಿನ್ ಸಿಗುವುದಿಲ್ಲ, ಅದನ್ನು ಬಿಟ್ಟು ಮುಂದೆ ಹೋಗುತ್ತದೆ. ಬ್ಲಾಗ್ ಎದ್ದು ಕೂತಿತು. ನೀವು ಇವತ್ತೇ ಸೆಟ್ಟಿಂಗ್ಸ್‌ಗೆ ಹೋಗಿ ಅಡ್ಮಿನ್ ಇಮೇಲ್ ಯಾವುದಿದೆ ನೋಡಿಕೊಳ್ಳಿ.

ಹಾಗಂತ ಅಪ್‌ಡೇಟ್ ಮಾಡದೇ ಇರಬೇಡಿ, ಅದು ಇನ್ನೂ ಅಪಾಯ. ನಿಮ್ಮಂಥ ಒಬ್ಬರೇ ನಡೆಸುವ ಬ್ಲಾಗಿಗೆ ಆಟೊ ಅಪ್‌ಡೇಟ್ ಹಾಕಿಬಿಡುವುದೇ ವಾಸಿ. 2024ರಲ್ಲಿ ಬಂದ 6.6ರಿಂದ, ಆಟೊ ಅಪ್‌ಡೇಟ್ ಆದ ಪ್ಲಗಿನ್ ಸೈಟನ್ನು ಕೆಡವಿದ್ದು ಗೊತ್ತಾದರೆ ವರ್ಡ್‌ಪ್ರೆಸ್ ಹಿಂದಿನ ಆವೃತ್ತಿಯನ್ನು ವಾಪಸ್ ತರುತ್ತದೆ. ಜೊತೆಗೆ ಒಂದು ಬ್ಯಾಕಪ್ ಇರಲಿ. ಅದು ಅದೇ ಸರ್ವರ್‌ನಲ್ಲಿ ಬೇಡ. ಮನೆಯ ಬೀಗದ ಕೈಯನ್ನು ಮನೆಯೊಳಗೇ ಇಟ್ಟು ಬೀಗ ಹಾಕಿದ ಹಾಗಾಗುತ್ತದೆ. ಗೂಗಲ್ ಡ್ರೈವ್‌ಗೆ ಕಳಿಸಿ. ಅಪ್‌ಡ್ರಾಫ್ಟ್‌ಪ್ಲಸ್ ಎಂಬ ಬ್ಯಾಕಪ್ ಪ್ಲಗಿನ್‌ನ ಉಚಿತ ಆವೃತ್ತಿಗೇ ಆ ಕೆಲಸ ಬರುತ್ತದೆ.

ಈಗ ತೆಗೆಯುವ ಮಾತು. ಡಿಆಕ್ಟಿವೇಟ್ ಮಾಡಿದರೆ ಪ್ಲಗಿನ್ ಮಲಗುತ್ತದೆಯೇ ಹೊರತು ಫೈಲುಗಳು ಸರ್ವರ್‌ನಲ್ಲೇ ಇರುತ್ತವೆ. ಅದರಲ್ಲಿ ಭದ್ರತೆಯ ತೂತಿದ್ದರೆ ಆ ತೂತೂ ಅಲ್ಲೇ ಇರುತ್ತದೆ. ಬೇಡ ಅಂದಮೇಲೆ ಡಿಲೀಟ್ ಮಾಡಿ. ಕೆಲವು ಹೋಗುವಾಗ ಡೇಟಾಬೇಸ್‌ನಲ್ಲಿ ತಮ್ಮ ಟೇಬಲ್ ಬಿಟ್ಟು ಹೋಗುತ್ತವೆ, ಸದ್ಯಕ್ಕೆ ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ದಿನ ಹತ್ತನ್ನು ಕಿತ್ತು ಹಾಕಬೇಡಿ. ಒಂದು ತೆಗೆಯಿರಿ, ಬ್ಲಾಗಿನ ನಾಲ್ಕು ಪುಟ ತೆರೆದು ನೋಡಿ, ಆಮೇಲೆ ಇನ್ನೊಂದು.

ನಿಮ್ಮ ಪಟ್ಟಿಯಲ್ಲಿ ಗುಡಿಗಳ ಫೋಟೊ ತೋರಿಸುವ ಗ್ಯಾಲರಿ ಪ್ಲಗಿನ್ ಇದ್ದೇ ಇರುತ್ತದೆ, ಅಲ್ವಾ? ನಿಮ್ಮಲ್ಲಿ ಭಾರ ಅದೇ ಇರಬಹುದು. ಆದರೂ ಅದನ್ನು ಕೊನೆಗೆ ಇಟ್ಟುಕೊಳ್ಳಿ. ಅಂಥವು ಲೇಖನದೊಳಗೆ ಚೌಕ ಕಂಸದಲ್ಲಿ ಒಂದು ಶಾರ್ಟ್‌ಕೋಡ್ ಬರೆದಿಟ್ಟಿರುತ್ತವೆ. ಪ್ಲಗಿನ್ ಹೋದ ಕ್ಷಣ ಬ್ರಹ್ಮ ಜಿನಾಲಯದ ಫೋಟೊಗಳ ಜಾಗದಲ್ಲಿ ಓದುಗರಿಗೆ ಬರೀ ಕಂಸ ಮತ್ತು ಒಂದು ನಂಬರ್ ಕಾಣುತ್ತದೆ. ಪೋಸ್ಟ್‌ಗಳ ಪಟ್ಟಿಯ ಹುಡುಕು ಖಾನೆಯಲ್ಲಿ ಆ ಶಾರ್ಟ್‌ಕೋಡಿನ ಹೆಸರು ಹಾಕಿ, ಎಷ್ಟು ಲೇಖನದಲ್ಲಿದೆ ಎಣಿಸಿ. ಒಂದೊಂದರಲ್ಲೂ ವರ್ಡ್‌ಪ್ರೆಸ್‌ನದೇ ಗ್ಯಾಲರಿ ಬ್ಲಾಕ್ ಹಾಕಿ ಫೋಟೊ ಆರಿಸಿ. ನಲವತ್ತು ಲೇಖನ ಇದ್ದರೆ ದಿನಕ್ಕೆ ನಾಲ್ಕರಂತೆ ಹತ್ತು ದಿನದ ಕೆಲಸ. ಹನ್ನೊಂದನೇ ದಿನ ಡಿಲೀಟ್ ಒತ್ತಿ.